ಕಡಬದ ಕೆರೆ ತುಂಬಿದ ವರ್ಷ

ಉಪ್ಪಾರಹಳ್ಳಿಯ ಭಾನುಪ್ರಕಾಶನಿಗೆ ಕಣ್ಣಿನ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು: ಅಂಚಿನಿಂದ ಮುಚ್ಚುತ್ತ ಬರುತ್ತಿರುವ ನೋಟ ಮತ್ತೆ ತೆರೆಯುವುದಿಲ್ಲ, ಔಷಧಿ ಆ ಮುಚ್ಚುವುದನ್ನು ನಿಧಾನಗೊಳಿಸಬಹುದು, ಅಷ್ಟೆ. ತಾಲ್ಲೂಕು ಕಚೇರಿಯ ಈ ಗುಮಾಸ್ತ ಅತ್ತು ಕರೆದು ಮಾಡಲಿಲ್ಲ. ಒಂದು ವರ್ಷದಲ್ಲಿ ತುಮಕೂರು ಜಿಲ್ಲೆಯ ಎಷ್ಟು ಜಾತಿಯ ಹಕ್ಕಿ ನೋಡಬಹುದೋ ಅಷ್ಟನ್ನೂ ನೋಡಿಬಿಡುವುದೆಂದು ಜನವರಿಯಲ್ಲಿ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡ.

ಯೋಜನೆ ಪಕ್ಕಾ ಇತ್ತು. ಮನೆ ಸುತ್ತಲ ಹಕ್ಕಿಗಳು ಎಲ್ಲಿಗೂ ಹೋಗುವುದಿಲ್ಲ, ಅವು ಕೊನೆಗೆ. ಚಳಿಗಾಲದ ಬಾತುಗಳು ಮೊದಲು, ಕುಣಿಗಲ್ ಕೆರೆಯಲ್ಲಿ. ಬಂಡೆಗುಡ್ಡದ ಪಿಕಳಾರ, ಅಂದರೆ ಬುಲ್‌ಬುಲ್, ಅದಾದ ಮೇಲೆ. ಕೆಸರಿನಲ್ಲಿ ಮೇಯುವ ಗೊರವ ಹಕ್ಕಿಗಳನ್ನು ಮಾರ್ಚಿಗೆ ಇಟ್ಟುಕೊಂಡ. ಅವನ ಹುಟ್ಟೂರಾದ ಕಡಬದ ಕೆರೆ ಆ ಹೊತ್ತಿಗೆ ಇಳಿದು ಅಂಚೆಲ್ಲ ಕೆಸರಾಗುತ್ತದೆ. ಉತ್ತರಕ್ಕೆ ಮರಳುವ ಗೊರವಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಚಿಕ್ಕಂದಿನಿಂದ ಕಂಡದ್ದು, ಯಾರನ್ನು ಕೇಳುವುದೇನು ಎಂದುಕೊಂಡ. ಕೇಳಬೇಕಿತ್ತು.

ಮಾರ್ಚಿನಲ್ಲಿ ಹೆಂಡತಿ ಪ್ರಮೀಳಾಳ ಸ್ಕೂಟರಿನ ಹಿಂದೆ ಕೂತು ಹೋದರೆ ಕೆರೆ ತುಂಬಿ ತುಳುಕುತ್ತಿತ್ತು. ಕುಡಿಯುವ ನೀರಿಗೆಂದು ನಾಲೆಯಿಂದ ಕೆರೆ ತುಂಬಿಸಿದ್ದರು. ಏರಿಯ ಮೇಲೆ ಹೆಂಗಸರು ಬಾಗಿನದ ಮೊರ ಹಿಡಿದು ನಿಂತಿದ್ದರು, ಅವರ ನಡುವೆ ಅವನ ತಾಯಿ ದೊಡ್ಡಗಂಗಮ್ಮನೂ.

"ಕೆಸರೇ ಇಲ್ವಲ್ಲವ್ವಾ," ಎಂದ.

"ಏನ್ಲಾ ನಿನ್ ಮಾತು! ಊರಿಗೆಲ್ಲಾ ಹಬ್ಬ, ನಿನಗೊಬ್ಬನಿಗೆ ಸೂತಕವಾ? ತೆಂಗು ಒಣಗ್ತಿದ್ದಾಗ ನಿನ್ ಗೊರವ ಬಂದು ನೀರು ಹೊತ್ತಿತ್ತಾ?"

ಕೆರೆ ತುಂಬಿತೆಂದು ಮುಖ ಸಣ್ಣದು ಮಾಡುವವನನ್ನು ಯಾವ ಊರೂ ಕ್ಷಮಿಸುವುದಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಗೊರವಗಳು ಮತ್ತೆ ಬರುವುದು ಮಳೆಗಾಲ ಕಳೆಯುವಾಗ. ಕಣ್ಣು ಅಲ್ಲಿಯವರೆಗೆ ಕಾಯಲಿಲ್ಲ. ಅಕ್ಟೋಬರಿನಲ್ಲಿ ಯಡಿಯೂರಿನ ಬಳಿ ಒಂದು ಕಟ್ಟೆಯ ದಡದಲ್ಲಿ ಅವನು ಬೈನಾಕ್ಯುಲರ್ ಎತ್ತಿದಾಗ ಕಲ್ಲು ಸಿಕ್ಕಿತು, ಹುಲ್ಲು ಸಿಕ್ಕಿತು, ಹಕ್ಕಿ ಸಿಗಲಿಲ್ಲ.

"ಅಲ್ಲೇ ಐತಲ್ರೀ, ಕಲ್ಲಿನ ಎಡಕ್ಕೆ. ಬಾಲ ಕುಣಿಸ್ತೈತೆ," ಎಂದಳು ಪ್ರಮೀಳಾ.

"ಕಾಲು ಯಾವ ಬಣ್ಣ? ಅದ್ರಿಂದ್ಲೇ ಜಾತಿ ಗೊತ್ತಾಗೋದು."

"ಕೆಸರಲ್ಲಿ ನಿಂತಿರೋದಕ್ಕೆ ಕೆಸರಿನ ಬಣ್ಣ! ನಾನು ನೋಡ್ದೆ, ಸಾಲ್ದಾ? ಪಟ್ಟಿಗೆ ಸೇರಿಸ್ಕೊಳ್ಳಿ."

"ನೀನು ನೋಡಿದ್ದು ನಿನ್ನದು ಕಣೇ."

ಹಕ್ಕಿ ಕೂಗುತ್ತ ಎದ್ದು ಹೋಯಿತು. ಕೂಗಿನಿಂದ ಅದು ಯಾವ ಗೊರವವೆಂದು ಅವನಿಗೆ ತಿಳಿಯಿತು. ಕೂಗು ಕೇಳಿದರೂ ಎಣಿಕೆಗೆ ಸೇರುತ್ತದೆಂಬುದು ಹಕ್ಕಿ ನೋಡುವವರ ನಿಯಮ. ಆದರೆ ಅವನು ಹೊರಟದ್ದು ನೋಡಲು. ಬೈನಾಕ್ಯುಲರನ್ನು ಹೆಂಡತಿಯ ಕೈಗೆ ಕೊಟ್ಟು, "ನಡಿ, ಈ ವರ್ಷದ್ದು ಮುಗೀತು," ಎಂದು ರಸ್ತೆಯ ಕಡೆ ಹೊರಟ. ರಸ್ತೆ ಆ ಕಡೆ ಇರಲಿಲ್ಲ. ಪ್ರಮೀಳಾ ಹೋಗಿ ಮೊಣಕೈ ಹಿಡಿದು ತಿರುಗಿಸಿದಳು.