ಭೂಲ್ ಬಾಯಾರು ಕೇಳುತ್ತಿದ್ದ ರೀತಿ

ಅವರ ಎಡಗೈಯ ಕಿರುಬೆರಳು ಸದಾ ಕೊಕ್ಕೆಯಂತೆ ಬಾಗಿರುತ್ತಿತ್ತು. ಆಪರೇಷನ್ ಟೇಬಲ್ಲಿನ ತಲೆಯ ಕಡೆ ಕೂತು, ಆ ಬೆರಳನ್ನು ರೋಗಿಯ ದವಡೆಯ ಮೂಲೆಗೆ ಸಿಕ್ಕಿಸಿ, ಗದ್ದ ಎತ್ತಿ ಹಿಡಿದು ಉಸಿರಿನ ದಾರಿ ಕಾಯುವುದು ಅವರ ಕೆಲಸ. ವರ್ಷಗಟ್ಟಲೆ ಹಾಗೆ ಹಿಡಿದು ಬೆರಳು ಹಾಗೇ ನಿಂತುಬಿಟ್ಟಿತ್ತು. ಅರಿವಳಿಕೆಗೆ ನಮ್ಮ ಗಡಿಸೀಮೆಯ ಜನ ಮರಾಠಿಯ ಭೂಲ್ ಎಂಬ ಮಾತನ್ನೇ ಬಳಸುತ್ತಾರೆ. ಹೀಗಾಗಿ ಆ ಲೇಡಿ ಡಾಕ್ಟರು ಎಲ್ಲರಿಗೂ ಭೂಲ್ ಬಾಯಾರು.

ಎಂಬತ್ತರ ದಶಕದಲ್ಲಿ ರಾಯಬಾಗ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದೆ. ಬಾಯಾರು ಆಪರೇಷನ್ ಇದ್ದ ದಿನ ನಿಪ್ಪಾಣಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೈ ಎಷ್ಟು ಮೆತ್ತಗೋ ಬಾಯಿ ಅಷ್ಟೇ ಬಿರುಸು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಜೀವಕ್ಕೆ ಅಪಾಯ. ಅದಕ್ಕೇ ವರಾಂಡದಲ್ಲಿ ಸಾಲಾಗಿ ಕೂತ ಹೆಂಗಸರ ಮುಂದೆ ನಿಂತು, “ಯಾರೂ ಏನೂ ತಿಂದಿಲ್ಲಲಾ? ತಿಂದಿದ್ರ ಈಗ ಎದ್ದ ಹೋಗ್ರಿ” ಎಂದು ಗದರಿಸುತ್ತಿದ್ದರು. ಒಮ್ಮೆ ಅಲಖನೂರಿನ ಹೆಂಗಸೊಬ್ಬಳು ಚಹಾ ಕುಡಿದಿದ್ದೇನೆ ಎಂದು ಒಪ್ಪಿಕೊಂಡಾಗ ಎಲ್ಲರೆದುರು ಬೈದು ಹೊಳ್ಳಿ ಕಳಿಸಿದರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋದಳು. ನಾವು ನರ್ಸುಗಳು ನಕ್ಕೆವು.

ಮುಂದೆ ಅದೇ ಊರಿನಿಂದ ಇನ್ನೊಬ್ಬಳು ಗರ್ಭಚೀಲದ ಆಪರೇಷನ್ನಿಗೆ ಬಂದಳು. “ಏನೂ ತಿಂದಿಲ್ರಿ” ಅಂದಳು. ಮತ್ತು ಹತ್ತಿದ ಮೇಲೆ ವಾಂತಿಯಾಯಿತು, ಸಜ್ಜಕದ ಗೋಧಿನುಚ್ಚು ಹೊರಬಂತು. ಬಾಯಾರು ಅವಳ ತಲೆಯ ಕಡೆ ಟೇಬಲ್ ತಗ್ಗಿಸಿ ಅವಳನ್ನು ಹೊರಳಿಸಿದರು, ಪೈಪು ಹಾಕಿ ವಾಂತಿ ಹೀರಿ ತೆಗೆದರು, ಮನೆಗೂ ಹೋಗದೆ ಹಾಸಿಗೆಯ ಪಕ್ಕದಲ್ಲೇ ಇದ್ದರು. ಆದರೂ ಆಕೆ ಉಳಿಯಲಿಲ್ಲ.

ರೋಗಿಯೇ ಸುಳ್ಳು ಹೇಳಿದ್ದಾಳೆ, ನಿಮ್ಮದೇನು ತಪ್ಪು ಎಂದರು ದೊಡ್ಡ ಡಾಕ್ಟರು. ಬಾಯಾರು ಮಾತ್ರ ವರಾಂಡದಲ್ಲಿ ಕೂತಿದ್ದ ಅವಳ ಅತ್ತೆಯ ಹತ್ತಿರ ಹೋಗಿ, “ಯಾಕ ಹೇಳಲಿಲ್ಲ ಆಯಿ?” ಎಂದು ಕೇಳಿದರು.

“ಮೈಗೆ ಕತ್ತರಿ ಹಾಕಸ್ಕೊಳ್ಳಾಕ ಹೊಂಟಾಕಿನ್ನ ಹಸದ ಹೊಟ್ಟ್ಯಾಗ ಹೊಸ್ತಿಲಾ ದಾಟಸಬಾರದ್ರಿ. ನಾನ ಸಜ್ಜಕಾ ತಿನಸೀನಿ. ಹೇಳೂಣಂದ್ರ ಆ ಚಹಾ ಕುಡದಾಕಿನ್ನ ಬೈದಂಗ ಬೈತೀರಂತ ಬಾಯಿ ಮುಚ್ಚಿಸಿನಿ,” ಎಂದಳು ಆಯಿ.

 ಆಮೇಲೆ ಬಾಯಾರು ಅಲಖನೂರಿಗೆ ಹೋಗುತ್ತೇನೆಂದರು, ನನ್ನನ್ನೂ ಕರೆದರು. ಸತ್ತವಳ ಮನೆಯ ಅಂಗಳದಲ್ಲಿ ನಿಂತು, “ನನ್ನ ಬಾಯಿಗೆ ಅಂಜಿ ಸತ್ತಾಳ್ರಿ” ಎಂದರು. ಯಾರೂ ನಮ್ಮನ್ನು ಒಳಗೆ ಕರೆಯಲಿಲ್ಲ.  ಬಸ್ಸಿಗೆ ಕಾಯುವಾಗ ಅವರು ನನ್ನ ಮುಖ ನೋಡದೆ, “ಔಷಧದ ಅಳತಿ ಕಲತೆ, ಮಾತಿನ ಅಳತಿ ಕಲೀಲಿಲ್ಲ” ಎಂದರು.

ಅಂದಿನಿಂದ ಅವರ ರಜೆಯೆಲ್ಲ ಹಳ್ಳಿಗಳ ಪಾಲಾಯಿತು. ಆಪರೇಷನ್ನಿನ ಹಿಂದಿನ ದಿನ ರೋಗಿಯ ಮನೆಗೇ ಹೋಗಿ ಒಲೆಯ ಮುಂದೆ ಕೂತು ಅತ್ತೆಯರ ಜೊತೆ ಮಾತಾಡುವರು. ಪದ್ಧತಿಯನ್ನು ಮುರಿಯಲು ಹೋಗಲಿಲ್ಲ. “ಇವತ್ತ ಹೊಟ್ಟಿತುಂಬ ಉಣಸ್ರಿ. ನಾಳೆ ಹೊಟ್ಟಿ ಬದಲಿ ಉಡಿ ತುಂಬಿ ಕಳಸ್ರಿ, ಆಪರೇಷನ್ ಆದಮ್ಯಾಲ ತಿಂತಾಳ” ಎಂದರು. ಅದು ಅತ್ತೆಯರಿಗೆ ಒಪ್ಪಿಗೆಯಾಯಿತು. ಸೆರಗಿನಲ್ಲಿ ಉತ್ತತ್ತಿ, ಕೊಬ್ಬರಿ ಕಟ್ಟಿಕೊಂಡು ಹೆಂಗಸರು ಬರತೊಡಗಿದರು. ಹೀಗೆ ಹೋದಲ್ಲೆಲ್ಲ ಬಸುರಿಯರ ಕಣ್ಣುರೆಪ್ಪೆ ಎಳೆದು ರಕ್ತ ಕಡಿಮೆಯಿದ್ದವರಿಗೆ ಕಬ್ಬಿಣದ ಗುಳಿಗೆ ಕೊಡಿಸುವುದು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು, ಹೆರಿಗೆ ಮಾಡಿಸುವ ಮುದುಕಿಯರಿಗೆ ಕೈ ತೊಳೆಯುವುದನ್ನು ಕಲಿಸುವುದು ಎಲ್ಲ ಸೇರಿಕೊಂಡಿತು. ಭೂಲ್ ಕೊಡುವವಳಿಗೆ ಓಣಿಯಲ್ಲೇನು ಕೆಲಸ ಎಂದು ಜೊತೆಯ ಡಾಕ್ಟರುಗಳು ಚೇಷ್ಟೆ ಮಾಡುತ್ತಿದ್ದರು. “ಟೇಬಲ್ ಮ್ಯಾಲ ಬರೂದರಾಗ ಅರ್ಧಾ ಕೆಲಸಾ ಕೆಟ್ಟಿರ್ತೈತ್ರಿ” ಎನ್ನುವರು ಬಾಯಾರು. ಯಾರಾದರೂ ಹೊಗಳಿದರೆ ಮಾತ್ರ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದರು.

ಅವರೀಗ ಇಲ್ಲ. ತೀರಿಕೊಂಡ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ತೊಂಬತ್ತರ ದಶಕದ ಒಂದು ಬೆಳಿಗ್ಗೆ. ಅಲಖನೂರಿನ ಅದೇ ಆಯಿಗೆ ಹರ್ನಿಯಾ ಆಗಿತ್ತು. ಕಬ್ಬಿನ ಹಂಗಾಮಿನಲ್ಲಿ ರಸ್ತೆಗೆಲ್ಲ ಕಬ್ಬಿನ ಗಾಡಿ ತುಂಬಿ ಬಸ್ಸು ತಪ್ಪಿದ್ದರಿಂದ ಹಿಂದಿನ ದಿನ ಅವಳ ಮನೆಗೆ ಹೋಗಲು ನಮಗೆ ಆಗಿರಲಿಲ್ಲ. ಬಾಯಾರು ಕಂಡೊಡನೆ ಅವಳ ಗುರುತು ಹಿಡಿದರು. ಸ್ಟೂಲು ಎಳೆದುಕೊಂಡು ಮಗ್ಗುಲಲ್ಲಿ ಕೂತು, ಈಗೀಗ ಎಲ್ಲರನ್ನೂ ಕೇಳುವಂತೆ ಮೆಲ್ಲಗೆ ಕೇಳಿದರು: “ಆಯಿ, ಮುಂಜಾನೆದ್ದ ಏನ ತಗೊಂಡ್ರಿ?”

“ಒಂದ ಬಶಿ ಚಹಾ ಕುಡದೀನ್ರಿ.”

“ಚಲೋ ಆತು ಹೇಳಿದ್ರಿ. ನಾಳೆ ಮಾಡೂಣು. ಇಲ್ಲೇ ಇರ್ರಿ, ಅಂಜಬ್ಯಾಡ್ರಿ.”

ಆಯಿ ಅವರನ್ನೇ ನೋಡಿದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ.

“ಅವತ್ತ ಹಿಂಗ ಕೇಳಿದ್ರ ಅವತ್ತೂ ಹೇಳ್ತಿದ್ವಿ, ಬಾಯಾರ.”

ಬಾಯಾರು ಸ್ಟೂಲಿನಿಂದ ಜಾರಿ ಆಯಿಯ ಕಾಲ ಬಳಿ ನೆಲಕ್ಕೆ ಕೂತುಬಿಟ್ಟರು. ಆಯಿ ಅವರನ್ನು ಏಳಿ ಎನ್ನಲಿಲ್ಲ. ಅಂದು ವರಾಂಡದಲ್ಲಿ ನಕ್ಕಿದ್ದ ನನಗೂ ಎಬ್ಬಿಸುವ ಮುಖ ಇರಲಿಲ್ಲ.