ಅವ್ವ ತಿಂದ ಬರ್ಗರ್

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಮನೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ. ಕಾಲೇಜು ಓದುತ್ತಿದ್ದ ಮಗಳು ಗೆಳತಿಯರ ಜೊತೆ ವಿದ್ಯಾನಗರದಲ್ಲಿ ಬರ್ಗರ್ ತಿಂದು ಬಂದಳು. ಬೆಲೆ ಕೇಳಿ, "ಅಷ್ಟು ರೊಕ್ಕದಾಗ ಮನಿ ಮಂದಿಗೆಲ್ಲ ಮಾಡಿ ಹಾಕ್ತೀನಿ" ಎಂದುಬಿಟ್ಟೆ. ಹೆಂಡತಿ ಕುಕ್ಕುವಾಡದ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾನು, ಮಗಳು, ನಮ್ಮ ಅವ್ವ ಮೂವರೇ. ಅಡುಗೆಮನೆ ನನ್ನ ಕೈಯಲ್ಲಿತ್ತು.

ಬೇಕರಿಯ ಬನ್ನು, ಈರುಳ್ಳಿ, ಸೌತೆಕಾಯಿ, ಬೆಣ್ಣೆ ಎಲ್ಲ ಸರಿಹೋಯಿತು. ಆಲೂಗಡ್ಡೆ ಬಟಾಣಿಯ ಬಿಲ್ಲೆ ಮಾತ್ರ ಹಂಚಿನ ಮೇಲೆ ಒಡೆದು ಪುಡಿಯಾಯಿತು.

"ಅಪ್ಪಾಜಿ, ಇದು ಬರ್ಗರ್ ಅಲ್ಲ, ಬನ್ನು ಪಲ್ಯ," ಎಂದು ಮಗಳು ನಕ್ಕಳು.

ಮರುದಿನ ಕ್ಯಾಂಟೀನಿನ ಅಡುಗೆಯವನನ್ನು ಕೇಳಿದೆ. "ಒಂದು ಮೊಟ್ಟೆ ಒಡದು ಹಾಕ್ರಿ ಸಾರ್, ಬಿಡಂಗಿಲ್ಲ ಅದು" ಎಂದ.

ನಮ್ಮದು ಲಿಂಗ ಕಟ್ಟುವ ಮನೆ. ಮೊಟ್ಟೆ ಬೇಯಿಸಿದ ಮನೆಯಲ್ಲಿ ಅವ್ವ ನೀರೂ ಕುಡಿದವಳಲ್ಲ. ನಮ್ಮ ಓಣಿಯಲ್ಲಿ ಕೊಂಡರೆ ನನಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು. ಶನಿವಾರ ಹರಿಹರದಲ್ಲೇ ಒಂದು ಕೊಂಡು, ಕಾಗದ ಸುತ್ತಿ, ಖಾಲಿ ಊಟದ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದು ತಂದೆ. ಅವ್ವ ಇಂಥದ್ದನ್ನು ಮುಟ್ಟುವುದಿಲ್ಲ, ನಾನೂ ಮಗಳೂ ತಿಂದರಾಯಿತು ಎಂದುಕೊಂಡಿದ್ದೆ.

ಭಾನುವಾರ ಬೆಣ್ಣೆಯಲ್ಲಿ ಬಿಲ್ಲೆ ಬೇಯುವ ವಾಸನೆಗೆ ಅವ್ವ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ತಾಟು ಹಿಡಿದು ಬಂದು ಕುಳಿತಳು.

"ನನಗೂ ಒಂದು ಹಾಕಪಾ. ನಿನ್ನ ಕೈ ರುಚಿ ನೋಡಾನು."

ಆಗಲೇ ಹೇಳಬೇಕಿತ್ತು. ಮಗಳ ಎದುರು ಬಾಯಿ ಬರಲಿಲ್ಲ, ಹಾಕಿಕೊಟ್ಟೆ.

ಅರ್ಧ ತಿಂದು ಕೇಳಿದಳು: "ಮೊನ್ನೆ ಪುಡಿಪುಡಿ ಆಗಿದ್ದು ಇವತ್ತು ಹೆಂಗೆ ಗಟ್ಟಿ ನಿಂತೈತೆ?"

"ಮಂಡಕ್ಕಿ ಪುಡಿ ಮಾಡಿ ಹಾಕೀನವ್ವಾ." ಬಾಯಿಗೆ ಬಂದದ್ದು ಹೇಳಿದೆ.

ಮುಂದಿನ ಭಾನುವಾರ ನಾನು ಏಳುವಷ್ಟರಲ್ಲಿ ಅವ್ವ ಮಂಡಕ್ಕಿ ಕುಟ್ಟುತ್ತಿದ್ದಳು. ಮೊಮ್ಮಗಳಿಗೆ ತಾನೇ ಮಾಡಿಕೊಡುವ ಹುರುಪು. ಬಿಲ್ಲೆ ಒಡೆದರೆ ನನ್ನ ಸುಳ್ಳು ಬಯಲಾಗುತ್ತದೆಂದು ಒಲೆಯ ಪಕ್ಕದಲ್ಲೇ ನಿಂತೆ. ಒಂದೂ ಒಡೆಯಲಿಲ್ಲ. ನನ್ನವಕ್ಕಿಂತ ಗರಿಗರಿಯಾಗಿದ್ದವು.

"ನೀ ಹೇಳಿದಂಗೇ ಮಾಡೀನಿ, ನೋಡು," ಎಂದು ಮೊದಲನೆಯದನ್ನು ನನ್ನ ತಾಟಿಗೆ ಹಾಕಿದಳು.

ಮಂಡಕ್ಕಿಯ ಡಬ್ಬಿ ಯಾವಾಗಲೂ ನನ್ನ ತಲೆಯ ಮೇಲಿನ ಹಲಗೆಯಲ್ಲೇ ಇರುತ್ತಿತ್ತು. ಮೊಟ್ಟೆ ಬೇಕಾಗಿಯೇ ಇರಲಿಲ್ಲ. ಅವ್ವ ಇರುವ ತನಕ ನಮ್ಮ ಮನೆಯ ಬರ್ಗರ್ ಹಾಗೆಯೇ ಆಯಿತು, ಮೊದಲನೆಯದು ನನಗೇ ಬಂತು. ಪ್ರತಿ ಸಲ ತಿಂದೆ, ಒಮ್ಮೆಯೂ ಹೇಳಲಿಲ್ಲ. ಅವಳು ಜೀವಮಾನವಿಡೀ ಕಾದುಕೊಂಡ ನೇಮವನ್ನು ಮಗಳ ಒಂದು ನಗೆಗೆ ಅಂಜಿ ಕೆಡಿಸಿದವನು ನಾನು. ಅವ್ವ ಹೋದಳು, ಯಾರ ಕ್ಷಮೆ ಕೇಳಲಿ?