ಮೊದಲ ತುತ್ತು ಯಾರದು

ನಮ್ಮ ಮನೆಗಳಲ್ಲಿ ಕೂಸಿಗೆ ಮೊದಲು ಅನ್ನ ಮುಟ್ಟಿಸುವವನು ಸ್ವಾದರಮಾವ, ಎಂದರೆ ತಾಯಿಯ ಅಣ್ಣನೋ ತಮ್ಮನೋ. ಅವನ ಕೈಯಿಂದ ಪಾಯಸ ಬಾಯಿಗೆ ಬೀಳುವ ತನಕ ಕೂಸಿಗೆ ಹಾಲೇ ಗತಿ. ನನ್ನ ಅಣ್ಣ ಸುರಪುರದಾಚೆ ಕಾಲುವೆಯ ಗೇಟು ಕಾಯುತ್ತಿದ್ದ. ನೀರು ಬಿಟ್ಟ ದಿನದಿಂದ ಬಂದ್ ಮಾಡುವವರೆಗೆ ಅವನಿಗೆ ರಜೆ ಸಿಗುವುದಿಲ್ಲ. "ನೀರು ಬಂದ್ ಆಗ್ಲಿ, ಮರುದಿನಾನ ಬರ್ತೀನಿ," ಎಂದು ಹೇಳಿಕಳಿಸಿದ್ದ. ಶಹಾಪುರ ಕಡೆಯ ನಮ್ಮ ಭತ್ತದ ಗದ್ದೆಗಳೆಲ್ಲ ನೀರು ಕುಡಿದು ಮುಗಿಸುವವರೆಗೆ ನನ್ನ ಮಗಳು ಬಾಯಿ ಚಪ್ಪರಿಸುತ್ತ ಕೂರಬೇಕಾಯಿತು.

"ಮಾವ ಮುಟ್ಟಿಸೋತನಕ ಒಂದ ಅಗಳೂ ಒಳಗ ಹೋಗಬಾರ್ದು ನೋಡು," ಎಂದು ಅತ್ತೆ ದಿನಕ್ಕೆ ಮೂರು ಸಲ ಎಚ್ಚರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ, ಒಳಗೊಳಗೇ ಕುದಿಯುತ್ತಿದ್ದೆ. ಹೊತ್ತವಳು ನಾನು, ಹೆತ್ತವಳು ನಾನು, ಮೊದಲ ತುತ್ತು ಮಾತ್ರ ಬೇರೆಯವರ ಕೈಯದೇ? ಅದು ನನ್ನದೇ ಆಗಬೇಕಿತ್ತು. ಬೇರೆ ಯಾವ ಆಸೆಯೂ ಆ ವರ್ಷ ನನಗಿರಲಿಲ್ಲ.

ಮಗಳಂತೂ ಅಷ್ಟರಲ್ಲಿ ಮನೆಯ ತಪಾಸಣೆಗೆ ಇಳಿದಿದ್ದಳು. ಅಂಬೆಗಾಲಿಕ್ಕುತ್ತ ಹೋಗಿ ಚಪ್ಪಲಿಯ ರುಚಿ ನೋಡಿದಳು, ಪೊರಕೆಯ ಕಡ್ಡಿ ಚೀಪಿದಳು, ಪಾಠ ಹೇಳಲು ನಾನು ಶಾಲೆಗೆ ಒಯ್ಯುವ ಚೀಲದಿಂದ ಸೀಮೆಸುಣ್ಣ ಹಿರಿದು ಗಲ್ಲಕ್ಕೆಲ್ಲ ಬಳಿದುಕೊಂಡಳು. ಯಾರಾದರೂ ಉಣ್ಣಲು ಕೂತರೆ ಎದುರಿಗೇ ಹೋಗಿ ಕೂರುವಳು. ಅವರ ಕೈ ತಾಟಿನಿಂದ ಬಾಯಿಗೆ ಏರುವಾಗ ಅವಳ ಬಾಯಿಯೂ ತೆರೆಯುತ್ತಿತ್ತು. ಅದನ್ನು ನೋಡಿ ನನ್ನ ಗಂಡ ಮುಖ ತಿರುಗಿಸಿ ಉಣ್ಣತೊಡಗಿದ.

ದಸರೆಯ ಮರುದಿನ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ಆಗಷ್ಟೇ ಉಬ್ಬಿದ ಜೋಳದ ರೊಟ್ಟಿಯ ಮೇಲಿನ ತೆಳು ಪದರ ಕಿತ್ತು, ಹಾಲಿನಲ್ಲಿ ನೆನೆಸಿ, ನುಣ್ಣಗೆ ಹಿಸುಕಿ ಅವಳ ಬಾಯಿಗಿಟ್ಟೆ. ಒಸಡಿನಲ್ಲೇ ಮೆದ್ದು, ನುಂಗಿ, ನನ್ನ ಬೆರಳನ್ನೂ ಬಿಡದೆ ಚೀಪಿದಳು. ನನಗೆ ಅಳು ಬಂತು. ಗೆದ್ದೆ ಎನಿಸಿತು. ಅಲ್ಲಿಂದ ಮುಂದೆ ಅತ್ತೆ ಎಚ್ಚರಿಸಿದಾಗಲೆಲ್ಲ ಬಹಳ ವಿನಯದಿಂದ "ಹೌದ್ರಿ ಅತ್ತಿ" ಎನ್ನುತ್ತಿದ್ದೆ. ಅಷ್ಟು ವಿನಯ ನನಗೆ ಒಗ್ಗುವಂಥದ್ದಲ್ಲ, ಯಾರಿಗಾದರೂ ಅನುಮಾನ ಬರಬೇಕಿತ್ತು.

ಅಂತೂ ಕಾಲುವೆ ಬಂದ್ ಆಯಿತು, ಅಣ್ಣ ಬಂದ. ನೆರೆಹೊರೆಯವರು ಸೇರಿದರು. ಅಣ್ಣ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳ ತುದಿಯಲ್ಲಿ ಪಾಯಸ ಮುಟ್ಟಿಸಿದ. ಅವಳು ಮುಖ ಕಿವುಚಲಿಲ್ಲ, ಉಗುಳಲಿಲ್ಲ, ಪಳಗಿದವಳಂತೆ ನುಂಗಿದಳು.

"ಈಕಿ ಮೊದಲ ಎಲ್ಲೋ ಉಂಡಾಳ ಬಿಡು," ಎಂದು ಅಣ್ಣ ನಕ್ಕ.

ಮಗಳು ಅವನ ತೊಡೆಯಿಂದ ಜಾರಿದಳು. ನನ್ನ ಕಡೆಗೇ ಬರುತ್ತಾಳೆಂದು ಹೆದರಿ ನಾನು ಕಂಬದ ಹಿಂದೆ ಸರಿದೆ. ಅವಳು ನನ್ನನ್ನು ದಾಟಿ ನೇರ ಅತ್ತೆಯ ಮುಂದೆ ಹೋಗಿ ಬಾಯಿ ತೆರೆದಳು. ಅವರು ನೋಡದವರಂತೆ ಕೂತಾಗ ಅವರ ಸೊಂಟದ ಸೆರಗಿನ ಗಂಟಿಗೇ ಕೈ ಹಾಕಿ ಎಳೆದಳು. ಗಂಟು ಬಿಚ್ಚಿ ಜೋಳದ ಅರಳು ನೆಲದ ತುಂಬ ಚೆಲ್ಲಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಮಂದಿ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ: "ಯಾವಾಗಿಂದ ಕೊಡಾಕತ್ತೀರಿ?"

"ಪಂಚಮಿ ಅರಳು ಹುರಿದಾಗಿಂದ. ಹಾಲಾಗ ನೆನೆಸಿ, ಹಿಸುಕಿ ಕೊಟ್ಟೇನವ್ವ. ಅದರ ಕಣ್ಣು ನೋಡಾಕ ಆಗಲಿಲ್ಲ," ಎಂದರು ಅತ್ತೆ. ಮೂರು ಹೊತ್ತು ನನಗೆ ಕಾವಲು ಹಾಕಿದ ಅದೇ ಅತ್ತೆ.

ನಾಗರ ಪಂಚಮಿ ಎಂದರೆ ದಸರೆಗಿಂತ ಎರಡು ತಿಂಗಳು ಮೊದಲು. ಗೆದ್ದೆನೆಂದು ನಾನು ಅತ್ತ ಆ ಬೆಳಿಗ್ಗೆ ಮಗಳಿಗೆ ಊಟ ಹಳತಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು.

"ನೀ ಯಾವಾಗ ಕೊಟ್ಟಿ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

"ಪಂಚಮಿಗಿಂತ ಮೊದಲ," ಎಂದೆ, ತಲೆ ಎತ್ತಿಕೊಂಡೇ.

ಆಗ ಕೂಸಿಗೆ ಕತ್ತು ನಿಲ್ಲಿಸಿ ಕೂರಲೂ ಬರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಹಂಗಾದ್ರ ನೀನ ಮೊದಲ ಬಿಡವ್ವ," ಎಂದು ಅತ್ತೆ ಮಗಳನ್ನು ಎತ್ತಿ ನನ್ನ ಕೈಗೆ ಕೊಟ್ಟರು.